ಜೇಬಿದ್ದ ಹಾಕಿ ಅಂಗಿ

ಗಾಜಿನ ಬೀರುವಿನ ಬಾಗಿಲು ತೆಗೆದದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ತುಮಕೂರಿನ ಹಳೆಯ ಶಾಲೆಯೊಂದರಲ್ಲಿ ಒಂದು ಕೋಣೆಯನ್ನು ಮ್ಯೂಸಿಯಂ ಮಾಡಿದ್ದಾರೆ. ನಮ್ಮ ಹಳೆಯ ಹಾಕಿ ಟೀಮಿನ ಕ್ಯಾಪ್ಟನ್ ತೀರಿಕೊಂಡ ಮೇಲೆ ಅವನ ಮಕ್ಕಳು ಕೊಟ್ಟ ಹಸಿರು ಹಾಕಿ ಅಂಗಿ ಅಲ್ಲಿ ತೂಗುತ್ತಿತ್ತು.

"ಆಟದ ಅಂಗಿಗೆ ಜೇಬು ಯಾಕೆ ಸಾರ್?" ಎಂದು ಅಲ್ಲಿನ ಮೇಡಂ ಕೇಳಿದರು. ನನಗೆ ನಗು ಬಂತು. ಆಮೇಲೆ ಕಣ್ಣು ತುಂಬಿತು...

ಆ ಅಂಗಿ ನಾನೇ ತೊಟ್ಟದ್ದು. ಹೊಲಿದವರು ಗುಬ್ಬಿಯಲ್ಲಿ ನಮ್ಮ ಬೀದಿಯ ಕೊನೆಗೆ ಅಂಗಡಿ ಇಟ್ಟಿದ್ದ ಟೈಲರ್ ಮಾಮ.

ಅರವತ್ತರ ದಶಕದ ಶುರು. ನಮ್ಮದೊಂದು ಪುಟಗೋಸಿ ಟೀಮು. ಹನ್ನೊಂದು ಜನಕ್ಕೂ ಒಂದೇ ಥರದ ಅಂಗಿ ಇಲ್ಲದಿದ್ದರೆ ಮೈದಾನಕ್ಕೇ ಬಿಡುವುದಿಲ್ಲ ಎಂದು ಪಂದ್ಯ ನಡೆಸುತ್ತಿದ್ದ ತುಮಕೂರಿನವರು ಹೇಳಿ ಕಳಿಸಿದ್ದರು. ಮಾಮ ಹಾಕಿ ಆಟ ನೋಡಿದವರೇ ಅಲ್ಲ. ಟೇಪನ್ನೂ ಹಿಡಿಯುತ್ತಿರಲಿಲ್ಲ, ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿ "ತಿರುಗ್ಲಾ" ಎಂದು ಒಂದು ಸುತ್ತು ತಿರುಗಿಸಿ ಕಳಿಸುತ್ತಿದ್ದರು. ಹನ್ನೊಂದು ಅಂಗಿಯೂ ಅಳತೆ ಹಿಡಿದಂತೆ ಮೈಗೆ ಕೂತವು. ಎಂಥಾ ಕೈ ಅಂತೀರಿ! ಆದರೆ ಹನ್ನೊಂದಕ್ಕೂ ಎದೆಯ ಮೇಲೆ ಜೇಬು.

ಪಂದ್ಯದ ಹಿಂದಿನ ದಿನ ಪ್ರಾಕ್ಟೀಸಿನಲ್ಲಿ ಕ್ಯಾಪ್ಟನ್ ಹೆಬ್ಬೆರಳು ಜೇಬಿಗೆ ಸಿಕ್ಕಿ ಸ್ಟಿಕ್ಕು ಕೈತಪ್ಪಿತು. ಅವನು ಸೀದಾ ಅಂಗಡಿಗೆ ಹೋಗಿ ಹಾರಾಡಿದ.

"ಜೇಬಿಲ್ದೆ ಅದೆಂಥ ಅಂಗೀನಪ್ಪ? ನಂಗೆ ಗೊತ್ತಾಗ್ಲಿಲ್ಲ ಕಣೋ," ಎಂದರು ಮಾಮ. ಅಷ್ಟೇ. ವಾದ ಮಾಡದೆ ಬ್ಲೇಡು ಕೈಗೆತ್ತಿಕೊಂಡರು.

ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಹತ್ತು ಜೇಬು ಬಿಚ್ಚಿದ್ದರು. ಬ್ಲೇಡು ತಾಗಿದ ಕಡೆಯೆಲ್ಲ ಕೈಹೊಲಿಗೆ ಹಾಕಿ ಗಟ್ಟಿ ಮಾಡಿದ್ದರು. ಹನ್ನೊಂದನೆಯದು ನನ್ನದು, ಗೋಲ್‌ಕೀಪರನದು. "ನೀನು ಗೋಲಲ್ಲಿ ನಿಂತಿರೋನು, ನಿಂದು ಹಂಗೇ ಇರ್ಲಿ ಬುಡು," ಎನ್ನುತ್ತಾ ಹಸಿರು ದಾರ ಪೋಣಿಸಿದ ಸೂಜಿಯನ್ನು ರಟ್ಟಿನ ಚೂರಿಗೆ ಚುಚ್ಚಿ ನನ್ನ ಜೇಬಿಗೆ ಹಾಕಿದರು.

"ಯಾರ್ದಾದ್ರೂ ಹೊಲಿಗೆ ಬಿಟ್ರೆ ಅಲ್ಲೇ ಹಾಕ್ಬುಡು. ಪರವೂರಲ್ಲಿ ನನ್ ಮರ್ಯಾದೆ ಕಳೀಬ್ಯಾಡ. ಸಂಜೆ ಬಂದು ಹೇಳು, ಒಂದಾದ್ರೂ ಬಿಡ್ತಾ ಅಂತ."

ನಾವು ಹೀನಾಯವಾಗಿ ಸೋತೆವು. ಬಿದ್ದೆವು, ಉರುಳಿದೆವು, ಅಂಗಿ ಹಿಡಿದು ಎಳೆಸಿಕೊಂಡೆವು. ಒಂದು ಹೊಲಿಗೆಯೂ ಬಿಡಲಿಲ್ಲ. ಕ್ಯಾಪ್ಟನ್ ಸಿಟ್ಟಿನಲ್ಲಿ ಅಂಗಿಗಳನ್ನೆಲ್ಲ ಕಿತ್ತುಕೊಂಡು ಹಾಗೇ ತನ್ನ ಟ್ರಂಕಿಗೆ ತುರುಕಿದ. ನನಗೋ ಸೋತ ಮುಖ ತೋರಿಸಲು ನಾಚಿಕೆ. ಮಾಮನ ಅಂಗಡಿ ತಪ್ಪಿಸಿ ಸುತ್ತುಬಳಸಿ ಓಡಾಡಿದೆ. ವಾರದೊಳಗೆ ಕೆಲಸ ಸಿಕ್ಕಿ ಕುಣಿಗಲ್ಲಿಗೆ ಹೊರಟುಬಿಟ್ಟೆ.

ದೀಪಾವಳಿಗೆ ಊರಿಗೆ ಬಂದಾಗ ಅಂಗಡಿಗೆ ಬೀಗ. ಮಾಮ ತೀರಿಹೋಗಿ ತಿಂಗಳಾಗಿತ್ತು.

"ಸೋತ್ರೋ ಗೆದ್ರೋ ಅಂತ ಒಂದ್ಸಲಾನೂ ಕೇಳ್ಲಿಲ್ಲ ಕಣಪ್ಪ," ಎಂದರು ಅವರ ಹೆಂಡತಿ. "ಹೊಲಿಗೆ ಏನಾಯ್ತೋ, ಆ ಹುಡುಗ ಬರ್ಲೇ ಇಲ್ವಲ್ಲ ಅಂತಿದ್ರು..."

ದೊಡ್ಡ ಗೋಲ್‌ಕೀಪರ್ ನಾನು! ನಾಲ್ಕು ಹೆಜ್ಜೆ ನಡೆದು ಒಂದು ಮಾತು ಹೇಳಲಾಗಲಿಲ್ಲ.

ಮೇಡಂ ಅನುಮತಿ ಕೇಳಿ ಬೀರುವಿನ ಅಂಗಿಯ ಜೇಬಿಗೆ ಬೆರಳು ಹಾಕಿದೆ. ರಟ್ಟಿನ ಚೂರು ಸಿಕ್ಕಿತು. ತುಕ್ಕು ಹಿಡಿದ ಸೂಜಿ, ಅದರಲ್ಲಿ ಮಾಮ ಪೋಣಿಸಿದ ಹಸಿರು ದಾರ, ಒಂದಿಂಚೂ ಕಡಿಮೆಯಾಗದೆ...

"ತೆಗೆದಿಡ್ಲಾ ಸಾರ್?"

"ಬೇಡಮ್ಮ, ಅಲ್ಲೇ ಇರ್ಲಿ," ಎಂದು ವಾಪಸ್ಸು ಹಾಕಿದೆ. ಅವರು ಬೀಗದ ಕೈ ತರಲು ಆಚೆ ಹೋದರು. ನಾನು ಅಂಗಿಯ ಹತ್ತಿರ ಬಾಗಿದೆ.

"ಒಂದೂ ಬಿಡ್ಲಿಲ್ಲ ಮಾಮ."