ಸಿದ್ದರಾಜು ಅವರ ಎರಡನೇ ಲೈಸೆನ್ಸ್

ಎಚ್.ಡಿ. ಕೋಟೆಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಇಟ್ಟುಕೊಂಡಿದ್ದ ಸಿದ್ದರಾಜು ಏನನ್ನೂ ಕದಿಯಲಿಲ್ಲ. ಅವರಿಗೆ ಸೇರಿದ್ದನ್ನು ಅವರಿಗೆ ತಿಳಿಯದಂತೆ ಎತ್ತಿ ಇನ್ನೊಬ್ಬರಿಗೆ ಕೊಟ್ಟವಳು ನಾನು. ಆಮೇಲೆ ಅವರ ಎದುರಿಗೇ ಕುಳಿತು, ಕಳ್ಳತನ ಮಾಡಿದವರು ಅವರೇ ಎಂದು ತೋರಿಸಿಕೊಟ್ಟವಳೂ ನಾನೇ.

ಇಷ್ಟನ್ನು ಬರೆಯಲು ನನಗೆ ಏಳು ವರ್ಷ ಹಿಡಿಯಿತು.

ನನ್ನ ಹೆಸರು ಮಂಜುಳಾ. ಲ್ಯಾಬ್‌ಗಳಿಗೆ ಸಾಫ್ಟ್‌ವೇರ್ ಮಾರುವ ಸಣ್ಣ ಕಂಪನಿಯೊಂದರ ಹುಣಸೂರು ಶಾಖೆಯಲ್ಲಿ ಆಗ ನನ್ನ ಕೆಲಸ. ಮಾಲೀಕರು ಮೈಸೂರಿನಲ್ಲಿರುತ್ತಾರೆ. ಲ್ಯಾಬಿನವರು ರೋಗಿಯ ಹೆಸರು, ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ನಮ್ಮ ಸಾಫ್ಟ್‌ವೇರಿನಲ್ಲಿ ತುಂಬಿ ರಿಪೋರ್ಟ್ ತೆಗೆಯುತ್ತಾರೆ. ಹಳೆಯ ರಿಪೋರ್ಟುಗಳೂ ಅದರೊಳಗೇ ಉಳಿಯುತ್ತವೆ. ಲೈಸೆನ್ಸ್ ಇಲ್ಲದೆ ಅದು ತೆರೆಯುವುದಿಲ್ಲ. ಯಾರು ಎಷ್ಟು ಕಂಪ್ಯೂಟರಿಗೆ ಲೈಸೆನ್ಸ್ ಕೊಂಡಿದ್ದಾರೆ, ಯಾವ ಯಾವ ಕಂಪ್ಯೂಟರಿನಲ್ಲಿ ಅದು ನಡೆಯುತ್ತಿದೆ, ಎಲ್ಲಿಯವರೆಗೆ ನಡೆಯಬೇಕು — ಆ ಪಟ್ಟಿ ನೋಡಿಕೊಳ್ಳುತ್ತಿದ್ದವಳು ನಾನು. ಪ್ರತಿ ಕಂಪ್ಯೂಟರಿಗೂ ಒಂದು ಉದ್ದನೆಯ ನಂಬರ್ ಇರುತ್ತದೆ. ಪಟ್ಟಿಯಲ್ಲಿ ಆ ನಂಬರ್ ಇದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಸಿದ್ದರಾಜು ಎರಡು ಲೈಸೆನ್ಸ್ ಕೊಂಡಿದ್ದರು. ಮುಂದಿನ ಕೌಂಟರಿಗೆ ಒಂದು, ಒಳಗೆ ಪರೀಕ್ಷೆಯ ಮಷಿನ್ ಪಕ್ಕಕ್ಕೆ ಇನ್ನೊಂದು. ಆದರೆ ಒಳಗಿನ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಹಾಗಾಗಿ ಅವರ ಎರಡನೇ ಲೈಸೆನ್ಸ್ ಪಟ್ಟಿಯಲ್ಲಿ ಖಾಲಿ ಬಿದ್ದಿತ್ತು.

ಅದೇ ಸಮಯಕ್ಕೆ ನನ್ನ ಗೆಳತಿ ಸವಿತಾ ಪಿರಿಯಾಪಟ್ಟಣದಲ್ಲಿ ಸ್ವಂತ ಲ್ಯಾಬ್ ಶುರು ಮಾಡಿದಳು. ನಮ್ಮ ಲೈಸೆನ್ಸಿಗೆ ಅವಳು ಹಾಕಿದ ಅರ್ಜಿಯಲ್ಲಿ ಯಾವುದೋ ಒಂದು ಕಾಗದ ಇಲ್ಲವೆಂದು ಮೈಸೂರಿನಲ್ಲಿ ತಡೆಹಿಡಿದಿದ್ದರು. ಲ್ಯಾಬಿನ ಆರಂಭದ ಪೂಜೆಗೆ ಒಂದು ದಿನ ಮುಂಚೆ ಫೋನ್ ಮಾಡಿದಳು.

“ನಾಳೆ ಡಾಕ್ಟ್ರುಗಳೆಲ್ಲ ಬತ್ತಾವ್ರೆ ಕಣೇ. ಅವ್ರ ಮುಂದೆ ಕಂಪ್ಯೂಟ್ರು ಬಾಯಿ ಮುಚ್ಕೊಂಡು ಕೂತಿದ್ರೆ ನಂಗೆ ಯಾರೇ ಸ್ಯಾಂಪಲ್ ಕಳಿಸ್ತಾರೆ? ಏನಾರ ಒಂದ್ ದಾರಿ ಮಾಡೇ.”

ಪಟ್ಟಿ ನನ್ನ ಕಣ್ಣೆದುರಿಗೇ ಇತ್ತು. ಸಿದ್ದರಾಜು ಅವರ ಖಾಲಿ ಜಾಗಕ್ಕೆ ಸವಿತಾಳ ಕಂಪ್ಯೂಟರಿನ ನಂಬರ್ ಹಾಕಿದೆ. ಎರಡು ನಿಮಿಷದ ಕೆಲಸ. ಒಂದು ವಾರದ ಮಟ್ಟಿಗೆ ಎಂದುಕೊಂಡೆ. ಸಿದ್ದರಾಜು ಅವರನ್ನು ಒಂದು ಮಾತು ಕೇಳಿದ್ದರೆ ನಗುತ್ತಲೇ ಒಪ್ಪುತ್ತಿದ್ದರೇನೋ — ಕೇಳಲಿಲ್ಲ. ಸವಿತಾಗೂ ಅದು ಯಾರ ಲೈಸೆನ್ಸ್ ಎಂದು ಹೇಳಲಿಲ್ಲ.

ಮೂರು ವಾರಕ್ಕೆ ಸವಿತಾಳದ್ದೇ ಲೈಸೆನ್ಸ್ ಬಂತು. ಅವಳ ನಂಬರನ್ನು ಅವಳ ಹೆಸರಿಗೆ ಸೇರಿಸಿದೆ. ಸಿದ್ದರಾಜು ಅವರ ಹೆಸರಿನಿಂದ ಅದನ್ನು ತೆಗೆಯಬೇಕಿತ್ತು. ಆದರೆ ಸೇರಿಸುವುದು ನನ್ನ ಕೈಯಲ್ಲಿದ್ದರೂ ತೆಗೆಯುವುದು ಇರಲಿಲ್ಲ. ತೆಗೆಯಲು ಕಾರಣ ಬರೆಯಬೇಕು, ಆ ಕಾರಣ ನೇರವಾಗಿ ಮಾಲೀಕರಿಗೆ ಹೋಗುತ್ತದೆ. ಏನೆಂದು ಬರೆಯಲಿ? ನಾಳೆ ನೋಡಿದರಾಯಿತು, ಮುಂದಿನ ವಾರ ನೋಡಿದರಾಯಿತು… ಹಾಗೇ ಬಿಟ್ಟೆ. ಮರೆತೆ ಎಂದು ಹೇಳಬಹುದಿತ್ತು. ಮರೆತಿರಲಿಲ್ಲ.

ನಾಲ್ಕು ತಿಂಗಳ ನಂತರ ಸಿದ್ದರಾಜು ಒಳಕೋಣೆಗೆ ಕಂಪ್ಯೂಟರ್ ತಂದರು. ಅದರಲ್ಲಿ ನಮ್ಮ ಸಾಫ್ಟ್‌ವೇರ್ ಹಾಕಿದ ಗಳಿಗೆಯಲ್ಲೇ ಪಟ್ಟಿ ಅದನ್ನು ಮೂರನೆಯದೆಂದು ಎಣಿಸಿತು. ಕೊಂಡದ್ದು ಎರಡು, ನಡೆಯುತ್ತಿರುವುದು ಮೂರು — ಹಾಗಾದರೆ ಇವರು ನಕಲು ಮಾಡಿ ಯಾರಿಗೋ ಕೊಟ್ಟಿದ್ದಾರೆ ಎಂದು ಅರ್ಥ. ಅವರ ಎರಡೂ ಕಂಪ್ಯೂಟರುಗಳಲ್ಲಿ ಸಾಫ್ಟ್‌ವೇರ್ ಲಾಕ್ ಆಯಿತು. ಮಾಲೀಕರಿಗೆ ತಾನಾಗಿಯೇ ಸೂಚನೆ ಹೋಯಿತು.

ಮರುದಿನ ಬೆಳಿಗ್ಗೆ ಮಾಲೀಕರು ಕಾರಿನಲ್ಲಿ ಹುಣಸೂರಿಗೆ ಬಂದು ನನ್ನನ್ನೂ ಹತ್ತಿಸಿಕೊಂಡರು. “ನೀನೂ ಬಾರಮ್ಮ. ಲ್ಯಾಪ್‌ಟಾಪ್ ತಗೋ. ಅಲ್ಲೇ ಎದುರಿಗೇ ತೋರಿಸೋಣ” ಎಂದರು. ಕೋಟೆಯವರೆಗೂ ಅವರು ಮಾತಾಡುತ್ತಲೇ ಇದ್ದರು. ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು, ಅದರ ಮೇಲೆ ನನ್ನ ಎರಡೂ ಕೈ. ಹೇಳಲು ಅಷ್ಟು ದೂರದ ದಾರಿ ಇತ್ತು. ಹೊಗೆಸೊಪ್ಪಿನ ಹೊಲಗಳು ಹಿಂದೆ ಸರಿದವು, ಸೊಪ್ಪು ಹದಮಾಡುವ ಬ್ಯಾರನ್ನುಗಳು ಹಿಂದೆ ಸರಿದವು, ಮಾಲೀಕರು ನಡುವೆ ಒಂದು ಕಡೆ ಕಾರು ನಿಲ್ಲಿಸಿ ಟೀ ಕೊಡಿಸಿದರು. ಆ ಟೀ ಕುಡಿಯುವಾಗಲಾದರೂ ಹೇಳಬಹುದಿತ್ತು. ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ, ಸವಿತಾಳ ಹೆಸರು ಬಂದರೆ… ಹೀಗೆ ಅರ್ಧರ್ಧ ಯೋಚಿಸುವುದರಲ್ಲೇ ಕೋಟೆ ಬಂತು.

ಸಿದ್ದರಾಜು ಬಾಗಿಲಲ್ಲೇ ನಿಂತಿದ್ದರು. ಐವತ್ತರ ಹತ್ತಿರದ ವಯಸ್ಸು, ಮಡಿಚಿದ ತೋಳಿನ ಬಿಳಿ ಅಂಗಿ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡಿ, ಆಮೇಲೆ ಈ ಲ್ಯಾಬ್ ಮಾಡಿದವರು. ಕಾಕನಕೋಟೆ ಕಾಡಿನ ಕಡೆಯ ಹಾಡಿಗಳಿಂದ, ಅಂದರೆ ಬುಡಕಟ್ಟಿನವರ ಕೇರಿಗಳಿಂದ, ಬರುವ ಹಲವರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುತ್ತದೆ. ಅವರ ಒಬ್ಬೊಬ್ಬರ ರಕ್ತದ ಲೆಕ್ಕವನ್ನೂ ಸಿದ್ದರಾಜು ವರ್ಷಗಟ್ಟಲೆ ತುಂಬಿಸಿಟ್ಟಿದ್ದರು. ಎಲ್ಲವೂ ಈಗ ಲಾಕ್ ಆದ ಸಾಫ್ಟ್‌ವೇರಿನ ಒಳಗೆ. ಅವರ ಹೆಂಡತಿ ರತ್ನಮ್ಮ ಕೌಂಟರಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದರು. ಅವರೂ ಅಲ್ಲೇ ಇದ್ದರು.

ನಾವು ಕೂರುವ ಮೊದಲೇ ಸಿದ್ದರಾಜು ಹೇಳಿದರು.

“ಸಾ, ನೀವು ಏನು ನೋಡ್ಬೇಕೋ ನೋಡಿ. ಮೊದ್ಲು ಒಂದ್ ಗಳಿಗೆ ತೆಗ್ದು ಕೊಡಿ. ಜಾನಕಿ ಅಂತ ಒಂದ್ ಎಣ್ಣುಮಗ, ಬಳ್ಳೆ ಕಡೆ ಆಡಿಯೋಳು, ತುಂಬು ಬಸುರಿ. ಸಿಕಲ್ ಸೆಲ್ ಐತೆ. ನೋವು ಬಂದು ನರ್ಸಿಂಗ್ ಹೋಮಲ್ಲಿ ಮಲಗವ್ಳೆ. ಹಳೇ ರಿಪೋರ್ಟು ನೋಡ್ದೆ ಡಾಕ್ಟ್ರಮ್ಮ ರಕ್ತ ಕೊಡಕ್ಕಾಗಲ್ಲ ಅಂತಾವ್ರೆ. ಚೀಟಿ ಆಡೀಲೇ ಬುಟ್ಟು ಬಂದವ್ರೆ.”

“ಅದೆಲ್ಲ ಆಮೇಲೆ” ಎಂದರು ಮಾಲೀಕರು. “ಮೂರನೇ ಕಂಪ್ಯೂಟರ್ ಎಲ್ಲಿದೆ ಹೇಳಿ.”

“ಮೂರ್ನೇದು ನಂತವ ಇಲ್ವೇ ಇಲ್ಲ ಸಾ.”

ಮಾಲೀಕರು ನನ್ನ ಕಡೆ ತಿರುಗಿದರು. “ಈ ಲ್ಯಾಬಿನಲ್ಲಿ ಇಲ್ಲದ ಆ ಕಂಪ್ಯೂಟರಿನ ನಂಬರ್ ಬೇರೆ ಯಾರ ಹೆಸರಲ್ಲಾದರೂ ಇದೆಯಾ ಹುಡುಕಮ್ಮ.”

ಹುಡುಕಿದ್ದರೆ ಸವಿತಾಳ ಹೆಸರು ಬರುತ್ತಿತ್ತು. ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ನಾನು ನಂಬರ್ ಟೈಪ್ ಮಾಡತೊಡಗಿದೆ. ಕೊನೆಯ ಅಂಕಿ ಏಳು. ನಾನು ಒಂದು ಎಂದು ಒತ್ತಿದೆ. ಬೆರಳು ಜಾರಿದ್ದಲ್ಲ — ಏಳರ ಮೇಲೆ ಬೆರಳಿಟ್ಟು, ಅಲ್ಲಿಂದ ಎತ್ತಿ, ಒಂದನ್ನು ಒತ್ತಿದೆ. ಬೇರೆ ಯಾರ ಹೆಸರಿನಲ್ಲೂ ಅಂಥ ನಂಬರ್ ಇಲ್ಲ ಎಂದು ತೋರಿಸಿತು. ಲ್ಯಾಪ್‌ಟಾಪನ್ನು ಮಾಲೀಕರ ಕಡೆ ತಿರುಗಿಸಿದೆ.

ಸಿದ್ದರಾಜು ನನ್ನನ್ನೇ ನೋಡುತ್ತಿದ್ದರು. “ಮೇಡಂ, ನೀವು ಲೆಕ್ಕ ಇಟ್ಕಂಡಿರೋರು. ನೀವೇ ಹೇಳಿ. ನಾನು ಅಂಗ್ ಮಾಡೋನಾ?”

ನಾನು ಹೇಳಿದ ಮಾತು ಇದು: “ಸಿಸ್ಟಮ್ ಸುಳ್ಳು ಹೇಳಲ್ಲ ಸರ್.”

ಆಗ ಕೌಂಟರಿನ ಫೋನ್ ರಿಂಗಾಯಿತು. ನರ್ಸಿಂಗ್ ಹೋಮಿನಿಂದ. ರತ್ನಮ್ಮ ಎತ್ತಿಕೊಂಡು, “ಐದೇ ನಿಮಿಷ ಸಿಸ್ಟರ್” ಎಂದು ಇಟ್ಟರು. ಅವರ ಕೈ ರಿಸೀವರಿನ ಮೇಲೇ ಉಳಿದಿತ್ತು.

ಮಾಲೀಕರು ಚೀಲದಿಂದ ಒಂದು ಕಾಗದ ತೆಗೆದರು. ಬರುವಾಗಲೇ ಬರೆಸಿ ತಂದಿದ್ದರು. ಅನುಮತಿ ಇಲ್ಲದೆ ಸಾಫ್ಟ್‌ವೇರನ್ನು ನಕಲು ಮಾಡಿದ್ದೇನೆ, ತಪ್ಪಾಯಿತು, ಇನ್ನು ಮುಂದೆ ಹೀಗಾಗುವುದಿಲ್ಲ ಎಂದು ಅದರಲ್ಲಿತ್ತು. “ಸಹಿ ಹಾಕಿ. ಈಗಲೇ ತೆಗೆಸ್ತೀನಿ. ಪೊಲೀಸ್ ಗಿಲೀಸ್ ಏನೂ ಬೇಡ.”

ಸಿದ್ದರಾಜು ಕಾಗದವನ್ನು ಎರಡು ಸಲ ಓದಿದರು. ಹೆಂಡತಿಯ ಕಡೆ ನೋಡಲಿಲ್ಲ. “ಆ ಎಣ್ಣುಮಗ ಅಲ್ ಒದ್ದಾಡ್ತಾವ್ಳೆ” ಎಂದರು, ಯಾರಿಗೂ ಅಲ್ಲದ ಹಾಗೆ. ಸಹಿ ಹಾಕಿದರು. ನಾನು ಲಾಕ್ ತೆಗೆದೆ. ಅದು ನನ್ನ ಕೈಯಲ್ಲೇ ಇತ್ತು. ಒಂದು ಗುಂಡಿ ಒತ್ತುವುದು, ಅಷ್ಟೇ. ಅವರು ರಿಪೋರ್ಟ್ ಮುದ್ರಿಸಿಕೊಂಡು, ಚಪ್ಪಲಿ ಹಾಕುವುದನ್ನೂ ಮರೆತು ನರ್ಸಿಂಗ್ ಹೋಮಿಗೆ ಓಡಿದರು.

ಜಾನಕಿ ಬದುಕಿದಳು, ಮಗುವೂ ಬದುಕಿತು. ಎಷ್ಟೋ ದಿನ ನಾನು ಅದನ್ನೇ ಹಿಡಿದುಕೊಂಡಿದ್ದೆ — ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು.

ಆದರೆ ಆ ಕಾಗದದ ಪ್ರತಿಯನ್ನು ಮಾಲೀಕರು ನರ್ಸಿಂಗ್ ಹೋಮಿನವರಿಗೂ ತೋರಿಸಿದರು. ಅವರೂ ನಮ್ಮ ಗಿರಾಕಿಗಳೇ. ಸಾಫ್ಟ್‌ವೇರಿನಲ್ಲೇ ಮೋಸ ಮಾಡಿದವನು ರಿಪೋರ್ಟಿನಲ್ಲಿ ಮಾಡುವುದಿಲ್ಲ ಎಂದು ಏನು ನಂಬಿಕೆ? ತಿಂಗಳೊಳಗೆ ಸ್ಯಾಂಪಲ್ ಕಳಿಸುವುದನ್ನು ನಿಲ್ಲಿಸಿದರು. ಮಾತು ಊರಲ್ಲಿ ಹರಡಿತು. ಹಾಡಿಯವರು ಮಾತ್ರ ಬರುತ್ತಲೇ ಇದ್ದರಂತೆ. ಒಂದೂವರೆ ವರ್ಷಕ್ಕೆ ಸಿದ್ದರಾಜು ಲ್ಯಾಬ್ ಮುಚ್ಚಿ, ಸರಗೂರಿನಲ್ಲಿ ಇನ್ನೊಬ್ಬರ ಲ್ಯಾಬಿಗೆ ಕೆಲಸಕ್ಕೆ ಸೇರಿದರು.

ನನಗೆ ಬಡ್ತಿ ಸಿಕ್ಕಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ — ನಾಲ್ಕೂ ತಾಲ್ಲೂಕಿನ ಲೈಸೆನ್ಸುಗಳ ಉಸ್ತುವಾರಿ. ಕೆ.ಆರ್. ನಗರದಲ್ಲಿ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವಾಗ ಮಾಲೀಕರು, “ಕೋಟೆ ಕೇಸ್ ಹೇಳಮ್ಮ” ಎನ್ನುತ್ತಿದ್ದರು. ನಾನು ನಿಂತು ಹೇಳುತ್ತಿದ್ದೆ. ಕಳ್ಳನನ್ನು ಪಟ್ಟಿ ಹೇಗೆ ಹಿಡಿಯಿತು ಎಂದು. ಮೊದಲ ಸಲ ಬರೆದುಕೊಂಡದ್ದನ್ನು ನೋಡಿ ಒಪ್ಪಿಸಿದ್ದೆ. ಮೂರನೆಯ ಸಲಕ್ಕೆ ನಗಿಸುವ ಹಾಗೆ ಹೇಳಲು ಕಲಿತಿದ್ದೆ. ನಾನು ಮಾಡಿದ್ದರಲ್ಲೆಲ್ಲ ನನಗೆ ಹೆಚ್ಚು ನಾಚಿಕೆಯಾಗುವುದು ಇದಕ್ಕೆ… ಹೆದರಿಕೆಗೆ ಸುಳ್ಳು ಹೇಳಿದ್ದೆ, ಸರಿ. ಆದರೆ ಇದನ್ನು ಹೆದರಿಕೆಗೆ ಹೇಳಲಿಲ್ಲ.

ಈ ವರ್ಷ ಕಂಪನಿ ಹಳೆಯ ಪಟ್ಟಿಯನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸಿತು. ಒಂದೇ ನಂಬರ್ ಎರಡು ಹೆಸರಿನಲ್ಲಿದ್ದರೆ ಹೊಸ ವ್ಯವಸ್ಥೆ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಾಗ ತೆರೆಯ ಮೇಲೆ ಆ ನಂಬರ್ ಇತ್ತು. ಮೇಲೆ ಸಿದ್ದರಾಜು, ಕೆಳಗೆ ಸವಿತಾ. ಪಕ್ಕದಲ್ಲಿ, ಮೊದಲು ಸೇರಿಸಿದವರು ಯಾರು ಎಂಬಲ್ಲಿ, ನನ್ನ ಹೆಸರು. ಅಳಿಸಲು ಒಂದು ಗುಂಡಿ ಇತ್ತು. ಈಗ ಕಾರಣವನ್ನೂ ಕೇಳುವುದಿಲ್ಲ.

ಅಳಿಸಬೇಕೆಂದೇ ಕೈ ಹೋಯಿತು. ನಾನು ಒಳ್ಳೆಯವಳಾಗಿಬಿಟ್ಟೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಏಕೆ ಅಳಿಸಲಿಲ್ಲ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಆ ಹಾಳೆಯನ್ನು ಮುದ್ರಿಸಿ ಚೀಲದಲ್ಲಿಟ್ಟುಕೊಂಡೆ. ಹತ್ತು ದಿನ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಹನ್ನೊಂದನೆಯ ದಿನ ಮೈಸೂರಿಗೆ ಹೋಗಿ ಮಾಲೀಕರ ಮೇಜಿನ ಮೇಲೆ ಇಟ್ಟೆ. ಅವರು ನೋಡಿ, ಅದನ್ನು ನನ್ನ ಕಡೆಗೇ ತಳ್ಳಿದರು. “ಏಳು ವರ್ಷದ ಹಿಂದಿನದು ಈಗ ಯಾಕಮ್ಮ ಕೆದಕ್ತೀಯ? ಕಂಪನಿ ಹೆಸರೂ ಇದೆ ಇದರಲ್ಲಿ” ಎಂದರು. ನಾನು ರಾಜೀನಾಮೆ ಪತ್ರವನ್ನೂ ಅದರ ಪಕ್ಕದಲ್ಲಿಟ್ಟೆ. ಸವಿತಾಗೂ ಫೋನ್ ಮಾಡಿ ಹೇಳಿದೆ. ಅವಳು ಅತ್ತಳು. ಆಮೇಲೆ ಮಾತಾಡಿಲ್ಲ.

ಕಳೆದ ಭಾನುವಾರ ಸರಗೂರಿಗೆ ಹೋದೆ. ಸಿದ್ದರಾಜು ಕೆಲಸ ಮಾಡುವ ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತು, ಅವರು ಹೊರಗೆ ಬಂದಾಗ ಎಲ್ಲವನ್ನೂ ಹೇಳಿದೆ. ಆ ಒಂದು ಅಂಕಿಯ ವಿಷಯವನ್ನೂ. ಅವರು ತಲೆ ತಗ್ಗಿಸಿ ಕೇಳಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೇ ಹಗುರವಾಗುತ್ತಿತ್ತು. ಅದು ಅವರಿಗೆ ಗೊತ್ತಿತ್ತೋ ಏನೋ.

“ನಂಗೆ ಯಾಕ್ ಹೇಳ್ತೀರಿ ಮೇಡಂ?” ಎಂದರು ಕೊನೆಗೆ. “ನಾನು ಮಾಡಿಲ್ಲ ಅನ್ನೋದು ನಂಗೆ ಗೊತ್ತಲ್ವಾ. ಬನ್ನಿ, ಮನೆಗೆ ಹೋಗವ.”

ರತ್ನಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಗುರುತು ಹಿಡಿದರು, ಮುಖ ಗಟ್ಟಿಯಾಯಿತು. ಕೂರಿ ಎನ್ನಲಿಲ್ಲ. ನಾನು ನಿಂತೇ ಹೇಳಿದೆ. ಹೇಳಿ ಮುಗಿಸಿ ಹಾಳೆಯನ್ನು ಕೊಟ್ಟೆ. ಅವರು ಅದರಲ್ಲಿದ್ದ ಎರಡು ಹೆಸರುಗಳನ್ನೂ ಬೆರಳಿಟ್ಟು ಓದಿದರು. ಆಮೇಲೆ ಗಂಡನ ಕಡೆ ನೋಡಿದರು.

“ಮತ್ತೆ ನೀವ್ಯಾಕ್ ನಂಗೆ ಒಂದ್ ಮಾತು ಏಳ್ನಿಲ್ಲ? ಏಳ್ ವರ್ಷ.”

“ನೀನು ಕೇಳ್ನಿಲ್ಲ” ಎಂದರು ಸಿದ್ದರಾಜು.

ಆ ಮನೆಯಲ್ಲಿ ಇಷ್ಟು ವರ್ಷ ಏನು ನಡೆದಿತ್ತು ಎಂದು ಆಗ ನನಗೆ ತಿಳಿಯಿತು. ಮೊದಲು ಇಲ್ಲವೆಂದವರು ಆಮೇಲೆ ಸಹಿ ಹಾಕಿದ್ದನ್ನು ಹೆಂಡತಿ ಕಣ್ಣಾರೆ ಕಂಡು, ತಪ್ಪು ಮಾಡಿರಬೇಕೆಂದುಕೊಂಡಿದ್ದರು. ಅಂದಿನಿಂದ ಇವರು ಹೇಳಲಿಲ್ಲ, ಅವರು ಕೇಳಲಿಲ್ಲ. ಒಂದೇ ಸೂರಿನ ಕೆಳಗೆ — ಇದನ್ನು ನಾನು ಯಾವ ಪಟ್ಟಿಯಲ್ಲಿ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ರತ್ನಮ್ಮ ಕೈ ಎತ್ತಿ ತಡೆದರು.

“ಅದ್ ಬುಡಿ. ಕೋಟೆ ನರ್ಸಿಂಗ್ ಹೋಮಿನೋರಿಗೆ ಏಳಿದೀರಾ?”

“ಇನ್ನೂ ಇಲ್ಲ.”

“ಯಾವತ್ತು ಓಯ್ತೀರಿ?”

“ನಾಳಿದ್ದು, ಮಂಗಳವಾರ.”

“ನಾನೂ ಬತ್ತೀನಿ. ನೀವ್ ಅವ್ರ ಮುಂದೆ ಏಳೋದ ನಾನ್ ನಿಂತ್ಕಂಡು ಕೇಳ್ಬೇಕು.”

ನಿನ್ನೆ ಮಂಗಳವಾರ ಹೋದೆವು. ನಾನು ಹೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರತ್ನಮ್ಮ ನನ್ನ ಪಕ್ಕದಲ್ಲಿ ನಿಂತು ಪೂರ್ತಿ ಕೇಳಿದರು. ನಾನು ಎಲ್ಲಿ ದನಿ ತಗ್ಗಿಸಿದೆನೋ ಅಲ್ಲಿ, “ಜೋರಾಗ್ ಏಳಿ” ಎಂದರು. ಜೋರಾಗಿ ಹೇಳಿದೆ.

ಹೊರಗೆ ಬಂದ ಮೇಲೆ ರತ್ನಮ್ಮ ನೇರವಾಗಿ ಬಸ್ ನಿಲ್ದಾಣಕ್ಕೆ ನಡೆದರು. ಸರಗೂರು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಮುಂದಿನ ವಾರ ಕೆ.ಆರ್. ನಗರಕ್ಕೆ ಹೋಗುತ್ತಿದ್ದೇನೆ. ಕೋಟೆ ಕೇಸ್ ಕೇಳಿ ನಕ್ಕವರು ಅಲ್ಲಿ ಹದಿನಾಲ್ಕು ಜನರಿದ್ದಾರೆ. ಒಬ್ಬೊಬ್ಬರ ಬಳಿಗೂ ಹೋಗಿ ಹೇಳಬೇಕು.