ಏಳನೇ ಕೀ

ಅವ್ವನಿಗೆ ಲಕ್ವಾ ಹೊಡೆದಾಗ ನಾನು ಬಾಗಲಕೋಟೆಯ ಒಂದು ತಾಂತ್ರಿಕ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ಹುನಗುಂದದ ನಮ್ಮ ಮನೆಯಲ್ಲಿ ಅಣ್ಣ, ವೈನಿ, ಅವರ ಇಬ್ಬರು ಹೆಣ್ಣುಮಕ್ಕಳು, ಮತ್ತು ಅವ್ವ. ಒಂದು ಮುಂಜಾನೆ ಹಲ್ಲು ತಿಕ್ಕಲು ಎದ್ದವಳು ಬಚ್ಚಲ ಬಾಗಿಲಲ್ಲೇ ಕುಸಿದಳು. ಬಲಗೈ, ಬಲಗಾಲು ಸತ್ತಂತಾದವು. ಮಾತು ಪೂರ್ತಿ ನಿಂತುಹೋಯಿತು.

ಅವ್ವ ಹೆಣ್ಣುಮಕ್ಕಳ ಸಾಲಿಯಲ್ಲಿ ವರ್ಷಾನುಗಟ್ಟಲೆ ಒಂದನೇ ಇಯತ್ತೆಗೆ ಕಲಿಸಿದಾಕೆ. ಊರಿಗೆಲ್ಲ ಅಕ್ಕೋರು. ಎಡಗೈಯಿಂದಾದರೂ ಬರೆಯಲಿ ಎಂದು ಪಾಟಿ, ಬಳಪ ಕೊಟ್ಟೆವು. ಬಳಪ ಹಿಡಿದುಕೊಂಡು ಪಾಟಿಯನ್ನು ಬಹಳ ಹೊತ್ತು ನೋಡಿದಳು, ಒಂದು ಗೆರೆಯೂ ಮೂಡಲಿಲ್ಲ. "ನೀವು ಅಂದದ್ದೆಲ್ಲಾ ಅವರಿಗೆ ತಿಳೀತದ. ಅವರಿಗೆ ಹೇಳಾಕ ಅಕ್ಷರ ಸಿಗಾಂಗಿಲ್ಲ, ಅಷ್ಟ" ಅಂದರು ಡಾಕ್ಟರ್. ಅದೇಕೋ ಅಂಕಿಗಳು ಮಾತ್ರ ಉಳಿದಿದ್ದವು. ಕ್ಯಾಲೆಂಡರ್ ಮುಂದೆ ಹಿಡಿದು ಮೂರು ತೋರಿಸು ಅಂದರೆ ಮೂರರ ಮೇಲೆ ಬೆರಳಿಡುತ್ತಿದ್ದಳು.

ಆ ವರ್ಷವೇ ನಮ್ಮ ಕಾಲೇಜಿಗೆ ಎರಡು ಮೈಕ್ರೋಪ್ರೊಸೆಸರ್ ಕಿಟ್ ಬಂದಿದ್ದವು. ಪುಸ್ತಕದಷ್ಟಗಲದ ಹಸಿರು ಹಲಗೆ, ಅದರ ಮೇಲೆ ಕಪ್ಪು ಚಿಪ್‌ಗಳು, ಒಂದು ಮೂಲೆಯಲ್ಲಿ ಅಂಕಿಗಳ, ಕೆಲವು ಇಂಗ್ಲಿಷ್ ಅಕ್ಷರಗಳ ಕೀಗಳು, ಕೆಂಪಗೆ ಬೆಳಗುವ ಆರು ಅಂಕಿಯ ಕಿಟಕಿ. ಏನು ಮಾಡಬೇಕೆಂಬುದನ್ನು ಸಂಕೇತಗಳಲ್ಲಿ ಬರೆದು, ಒಂದೊಂದಾಗಿ ಒತ್ತಿ ಅದರೊಳಗೆ ತುಂಬಬೇಕು. ಆಮೇಲೆ ಹೇಳಿದಂತೆ ಕೇಳುತ್ತದೆ. ನಮ್ಮಲ್ಲಿ ಯಾರಿಗೂ ಅದು ಸರಿಯಾಗಿ ಬರುತ್ತಿರಲಿಲ್ಲ. ನಾನೇ ಪುಸ್ತಕ ಓದಿ ಓದಿ ಒಂದಿಷ್ಟು ಕಲಿತಿದ್ದೆ.

ಬೇಸಿಗೆ ರಜೆ ಮುಗಿಯುವ ತನಕ ಒಂದು ಕಿಟ್ ಒಯ್ಯುತ್ತೇನೆಂದು ನಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿಕೊಂಡೆ. ಯಾಕೆಂದು ಹೇಳಿದೆ. ಅವರು "ಬಸ್ಸಿನ್ಯಾಗ ತೊಡಿಮ್ಯಾಲೆ ಇಟಗೊಂಡ್ ಹೋಗ್ರಿ" ಅಂದರು. ಕಮತಗಿ ದಾಟುವಾಗ ರಸ್ತೆಯ ತಗ್ಗಿಗೆ ಬಸ್ಸು ಎಗರಿದಾಗಲೆಲ್ಲ ಎದೆಗೆ ಅವಚಿಕೊಂಡೆ.

ನಾನು ಮಾಡಿದ್ದು ದೊಡ್ಡದೇನಲ್ಲ. ಕಿಟ್ಟನ್ನು ಅವ್ವನ ಎಡಗೈಗೆ ಸಿಗುವಂತೆ ಹಾಸಿಗೆ ಪಕ್ಕ ಇಟ್ಟು, ಇಳಕಲ್ಲಿನಿಂದ ಒಂದು ಬಾಗಿಲ ಗಂಟೆ ತಂದು ಅದಕ್ಕೆ ಜೋಡಿಸಿದೆ. ಒಂದರಿಂದ ಒಂಬತ್ತರವರೆಗೆ ಯಾವ ಕೀ ಒತ್ತಿದರೂ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತದೆ, ಕೆಂಪು ಕಿಟಕಿಯಲ್ಲಿ ಆ ಅಂಕಿ ನಿಲ್ಲುತ್ತದೆ. ಕೀಗಳ ಮೇಲೆ ಕನ್ನಡ ಅಂಕಿ ಬರೆದ ಕಾಗದದ ತುಣುಕು ಅಂಟಿಸಿದೆ. ಗೋಡೆಗೆ ಪಟ್ಟಿ: ಒಂದು ನೀರು, ಎರಡು ಊಟ, ಮೂರು ಹೊರಳಿಸುವುದು, ನಾಲ್ಕು ಕಾಲ್ಮಡಿ, ಐದು ನೋವು, ಆರು ಸೆಕೆ. ಉಳಿದ ಮೂರಕ್ಕೆ ಏನು ಇಡಬೇಕೆಂದು ನನಗೆ ಹೊಳೆಯಲಿಲ್ಲ. ಹಾಗೇ ಬಿಟ್ಟೆ.

"ಒಂದು ಗಂಟಿ ಕಟ್ಟಿದ್ರ ಸಾಲ್ತಿರಲಿಲ್ಲೇನೋ ತಮ್ಮಾ?" ಅಂದರು ವೈನಿ.

"ಗಂಟಿ ಬಾರಿಸಿದ್ರ ಓಡಿ ಬರ್ತೀರಿ ವೈನಿ. ಬಂದ ಮ್ಯಾಲೆ ಏನ್ ಬೇಕು ಅಂತ ಹ್ಯಾಂಗ ಗೊತ್ತಾಗಬೇಕು?"

ಅವ್ವ ಮೊದಲ ದಿನವೇ ಕಲಿತಳು. ಒಂದು ಒತ್ತಿದಳು, ವೈನಿ ನೀರು ತಂದರು. ಕುಡಿದ ಮೇಲೆ ಮತ್ತೆ ಒಂದು ಒತ್ತಿದಳು. ನೀರಡಿಕೆ ಇರಲಿಲ್ಲ, ಒತ್ತಿದರೆ ಬರುತ್ತದೆಂಬುದೇ ಸಾಕಾಗಿತ್ತು. ಅವಳ ಎಡಗಡೆಯ ತುಟಿ ನಕ್ಕಿದ್ದನ್ನು ಅಣ್ಣ, ವೈನಿ, ನಾನು ಮೂವರೂ ನೋಡಿದೆವು.

ಒಂದೇ ತೊಂದರೆ. ಕರೆಂಟು ಹೋಯಿತೆಂದರೆ ಕಿಟ್ ಎಲ್ಲವನ್ನೂ ಮರೆಯುತ್ತಿತ್ತು. ನಮ್ಮಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೆಂದು ಹೇಳುವುದೇ ಬೇಡ. ಬಂದ ಮೇಲೆ ಸಂಕೇತಗಳನ್ನೆಲ್ಲ ಮೊದಲಿನಿಂದ ತುಂಬಬೇಕು. ಏಳನೇ ಇಯತ್ತೆ ಓದಿದ್ದ ವೈನಿ ಅದನ್ನು ನನ್ನ ನೋಟ್‌ಬುಕ್ಕು ನೋಡಿ ತುಂಬಲು ಕಲಿತರು. ನಾನು ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ, ಸಂಕೇತದಲ್ಲಿ ನಾನು ಗೀಚಿದ ಇಂಗ್ಲಿಷಿನ ಸಣ್ಣ 'b' ಅವರಿಗೆ ಆರಾಗಿ (6) ಕಂಡಿತು. ಕಿಟ್ ಸತ್ತಂತೆ ಕೂತಿತು. ಹೊಲಕ್ಕೆ ಬುತ್ತಿ ಕೊಟ್ಟು ವೈನಿ ತಿರುಗಿ ಬರುವುದರೊಳಗೆ ಅವ್ವ ನಾಲ್ಕನ್ನು ಒತ್ತಿ ಒತ್ತಿ ಸೋತು ಹಾಸಿಗೆ ಒದ್ದೆ ಮಾಡಿಕೊಂಡಿದ್ದಳು. ಅವಳ ಮೋರೆ ನೋಡಲು ಆಗಲಿಲ್ಲ. ತಪ್ಪು ನನ್ನ ಅಕ್ಷರದ್ದು.

ಎರಡು ವಾರದ ಮೇಲೆ ಅವ್ವ ಏಳು ಒತ್ತಿದಳು.

ಪಟ್ಟಿಯಲ್ಲಿ ಏಳಕ್ಕೆ ಏನೂ ಇರಲಿಲ್ಲ. ಕೈ ತಪ್ಪಿರಬೇಕು ಅಂದುಕೊಂಡೆವು. ಮತ್ತೆ ಒತ್ತಿದಳು. ಲಿಂಗಪೂಜೆಯೇ ಎಂದು ಕೇಳಿದರು ವೈನಿ. ತಲೆ ಅಲ್ಲಾಡಿಸಿದಳು. ಮೊಮ್ಮಕ್ಕಳು ಬೇಕೇ, ಸಾಲಿಯ ಯಾರಾದರೂ ಬರಬೇಕೇ, ಚಹಾ ಬೇಕೇ? ಯಾವುದೂ ಅಲ್ಲ. ಗಂಟೆ ಬಾರಿಸುತ್ತಲೇ ಇತ್ತು. ಕೊನೆಗೆ ನಾನು ಹಾಸಿಗೆ ಪಕ್ಕ ಕುಳಿತು, "ಏಳು ಅಂದ್ರ ಏನವ್ವಾ? ಏಳು?" ಅಂದೆ.

ನನ್ನ ಬಾಯಿಂದ ಆ ಮಾತು ಬಂದಕೂಡಲೇ ಅವ್ವ ಎಡಗೈ ಊರಿ ತಲೆ ಎತ್ತಿದಳು. ಕುತ್ತಿಗೆಯ ನರ ಉಬ್ಬಿದವು. ಒಂದು ಗೇಣು ಎದ್ದು, ಮತ್ತೆ ದಿಂಬಿಗೆ ಬಿದ್ದಳು.

"ಏಳಬೇಕು ಅಂತಾರೋ ತಮ್ಮಾ," ಅಂದರು ವೈನಿ. ಸೆರಗು ಬಾಯಿಗೆ ಒತ್ತಿಕೊಂಡರು. ಅವ್ವ ಹಾಸಿಗೆಯನ್ನು ಅಂಗೈಯಿಂದ ತಟ್ಟಿದಳು, ಹೌದು ಹೌದು ಎನ್ನುವಂತೆ.

ಅಣ್ಣನೂ ನಾನೂ ಹಿಡಿದು ಎಬ್ಬಿಸಿದೆವು. ಗೋಡೆಗೆ ಒರಗಿಸಿದರೆ ಬಲಕ್ಕೆ ಜಾರುತ್ತಿದ್ದಳು. ನಿಲ್ಲಿಸಲು ನೋಡಿದೆವು, ಕಾಲು ಅರಿವೆಯಂತೆ ಮಡಚಿದವು. ಮಲಗಿಸಿ ಅತ್ತ ಹೋಗುವುದರಲ್ಲಿ ಮತ್ತೆ ಗಂಟೆ. ಏಳು. ಡಾಕ್ಟರನ್ನು ಕರೆಸಿದೆವು. "ಆಗೂದಿಲ್ರಿ" ಎಂದು ಹೊರಗೆ ಬಂದು ನಮಗಷ್ಟೇ ಹೇಳಿದರು. ಒಳಗೆ ಅವ್ವನಿಗೆ ಯಾರೂ ಹೇಳಲಿಲ್ಲ. ಮುಂಜಾನೆ, ಮಧ್ಯಾಹ್ನ, ಉಣ್ಣುವಾಗ, ಮಕ್ಕಳು ಓದುವಾಗ ಗಂಟೆ ಬಾರಿಸುತ್ತಿತ್ತು. ಪ್ರತಿ ಸಲವೂ ಯಾರಾದರೂ ಒಬ್ಬರು ಓಡಿ ಹೋಗಿ, ಕೆಂಪು ಏಳನ್ನು ನೋಡಿ, "ಏಳೂಣಂತ ಅವ್ವಾ, ಸ್ವಲ್ಪ ಶಕ್ತಿ ಬರಲಿ" ಎಂದು ಸುಳ್ಳು ಹೇಳಿ ಬರುತ್ತಿದ್ದೆವು.

ಎಂಟು ದಿನಕ್ಕೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದ. "ಲೇ ತಮ್ಮಾ, ಅದೊಂದನ್ನ ತಗದ್ ಬಿಡು."

"ಯಾವುದನ್ನ?"

"ಗೊತ್ತದಲಾ. ನನಗ ತಡಕೊಳ್ಳಾಕ ಆಗವಲ್ದು."

ನನಗೂ ಆಗುತ್ತಿರಲಿಲ್ಲ. ಒಂದೇ ಸಂಕೇತ ಬದಲಿಸಿದರೆ ಸಾಕಿತ್ತು. ಹತ್ತರ ಒಳಗಿನ ಅಂಕಿಗೆಲ್ಲ ಬಾರಿಸು ಎಂದಿದ್ದುದನ್ನು ಏಳರ ಒಳಗಿನದಕ್ಕೆ ಮಾತ್ರ ಎಂದು ತಿದ್ದಿದೆ. ಅವ್ವ ನಿದ್ದೆ ಹೋದಾಗ ಮಾಡಿದೆ. ಅರ್ಧ ನಿಮಿಷದ ಕೆಲಸ.

ಎಚ್ಚರಾಗಿ ಅವ್ವ ಏಳು ಒತ್ತಿದಳು. ಗಂಟೆ ಬಾರಿಸಲಿಲ್ಲ. ಕಿಟಕಿಯಲ್ಲಿ ಅಂಕಿಯೂ ಬರಲಿಲ್ಲ. ಕರೆಂಟು ಹೋಗಿದೆಯೇ ಎಂದು ಬಲ್ಬಿನ ಕಡೆ ನೋಡಿದಳು, ಉರಿಯುತ್ತಿತ್ತು. ಒಂದನ್ನು ಒತ್ತಿದಳು. ಬಾರಿಸಿತು. ಮತ್ತೆ ಏಳು. ಇಲ್ಲ. ಆಮೇಲೆ ನನ್ನನ್ನು ನೋಡಿದಳು. ನಾನು ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ.

ಅಂದಿನಿಂದ ಅವ್ವ ಯಾವ ಕೀಯನ್ನೂ ಒತ್ತಲಿಲ್ಲ. ಮರುದಿನವೇ ಹಳೆಯ ಸಂಕೇತ ತುಂಬಿದೆ. ಅವಳ ಬೆರಳು ಹಿಡಿದು ನಾನೇ ಏಳರ ಮೇಲೆ ಒತ್ತಿಸಿದೆ. ಗಂಟೆ ಬಾರಿಸಿತು. ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡಳು. ನೀರಿಗೂ ಕೇಳಲಿಲ್ಲ. ವೈನಿ ತಾಸಿಗೊಮ್ಮೆ ತಾವಾಗಿಯೇ ಹೋಗಿ ನೋಡುವುದನ್ನು ರೂಢಿ ಮಾಡಿಕೊಂಡರು.

ಜೂನ್‌ನಲ್ಲಿ ಕಾಲೇಜು ಶುರುವಾಗುವ ಮುಂಚೆ ಕಿಟ್ಟನ್ನು ಟವಲಿನಲ್ಲಿ ಸುತ್ತಿ ಬಾಗಲಕೋಟೆಗೆ ತಂದೆ. ಮುಖ್ಯಸ್ಥರು, "ಉಪಯೋಗ ಆತೇನ್ರಿ?" ಎಂದು ಕಳಕಳಿಯಿಂದಲೇ ಕೇಳಿದರು. ಆತ್ರಿ ಅಂದೆ.

ದಸರೆಗೆ ಮುಂಚೆ ಅವ್ವ ಹೋದಳು. ನಾನು ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ, ನಮ್ಮ ಲಿಂಗಾಯತರ ಪದ್ಧತಿಯಂತೆ, ಮೈ ತೊಳೆದು ವಿಭೂತಿ ಹಚ್ಚಿ, ಗೋಡೆಗೆ ಆನಿಸಿ, ಜಾರದ ಹಾಗೆ ಬಟ್ಟೆ ಕಟ್ಟಿ ಕೂಡಿಸಿದ್ದರು. ಜನ ನನಗೆ ದಾರಿ ಬಿಟ್ಟರು. ನಾನು ಒಳಗೆ ಹೋಗಲಿಲ್ಲ. ಅಣ್ಣ ಬಂದು ಕೈ ಹಿಡಿದು ಎಳೆಯುವ ತನಕ ಅಂಗಳದಲ್ಲೇ ನಿಂತಿದ್ದೆ.