ಹೊತ್ತಿಗೆ ಮುಂಚೆ ಬಂದ ಉಪಗ್ರಹ ಮತ್ತು ಕೊಡೆ ಅಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ಮೂರು ಮಹಡಿ ಎತ್ತರದ ಆಂಟೆನಾದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಆಕೆ ಹಲ್ಲುಚಕ್ರಕ್ಕೆ ಗ್ರೀಸ್ ಹಚ್ಚುತ್ತಿದ್ದಾರೆ. ಒಂದಿಷ್ಟು ತಿರುಗಿಸಿ, ಕಣ್ಣು ಮುಚ್ಚಿ ಸದ್ದು ಕೇಳುತ್ತಾರೆ. "ಇನ್ನೂ ಗೊಣಗ್ತಾ ಇದೆ" ಎಂದು ಮತ್ತೆ ಡಬ್ಬಿಗೆ ಬೆರಳು ಅದ್ದುತ್ತಾರೆ.

ಅಂಗಾತ ಬಿಚ್ಚಿಟ್ಟ ಕೊಡೆಯಂತಿರುವ ಈ ಆಂಟೆನಾವನ್ನು ತಿರುಗಿಸಿ ಉಪಗ್ರಹಗಳ ಸಂಕೇತ ಹಿಡಿಯುವುದು ಆಕೆಯ ಕೆಲಸ. ಈ ಉಪಗ್ರಹ ಸಂಪರ್ಕ ನಿಲ್ದಾಣಕ್ಕೆಲ್ಲ ಆಕೆ ಕೊಡೆ ಅಕ್ಕ. ಮೊದಲು ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಇಲ್ಲಿ ಪಾಳಿ ಕೆಲಸ. ಮಗಳ ಶಾಲೆಯ ಒಂದು ನಾಟಕವನ್ನೂ ನೋಡಲಾಗಿಲ್ಲ. ಅತ್ತೆಯ ದೂರು ಬೇರೆ: "ಅಷ್ಟು ದೊಡ್ಡ ಡಿಶ್ ತಿರುಗಿಸ್ತಾಳಂತೆ, ಮನೆ ಟೀವಿ ಮಾತ್ರ ಸರಿ ಮಾಡಲ್ಲ."

ಕಳೆದ ವರ್ಷ ಸಂಪರ್ಕ ಉಪಗ್ರಹವೊಂದನ್ನು ಹೊತ್ತ ರಾಕೆಟ್‌ನ ಕೊನೆಯ ಹಂತ, ಉರಿಯಬೇಕಾದಷ್ಟು ಹೊತ್ತು ಉರಿಯದೆ ಆರಿಹೋಯಿತು. ಉಪಗ್ರಹವೇನೋ ಕಳಚಿಕೊಂಡಿತು, ಸೇರಬೇಕಾದ ಕಕ್ಷೆ ಸೇರಲಿಲ್ಲ. ಸೌರಫಲಕಗಳು ಮಡಚಿಯೇ ಇದ್ದವು. ಅವನ್ನು ಬಿಚ್ಚುವ ಆದೇಶ ತಲುಪುವ ಮೊದಲು ಬ್ಯಾಟರಿ ಬರಿದಾದರೆ ಎಲ್ಲವೂ ಮುಗಿದಂತೆ. ಆದೇಶ ಕಳಿಸಲು ಉಪಗ್ರಹ ಮೊದಲು ಕೈಗೆ ಸಿಗಬೇಕಲ್ಲ?

ಉಪಗ್ರಹ ನಿಲ್ದಾಣದ ಮೇಲೆ ಹಾದುಹೋಗುವ ಮೊದಲ ಸಲ, ಹಳೆಯ ಲೆಕ್ಕದ ಹೊತ್ತಿಗೇ ಕಾದರು. ಸದ್ದಿಲ್ಲ. ರಾಕೆಟ್ ತಳ್ಳಿದ್ದು ಕಡಿಮೆಯಾದರೆ ಸುತ್ತು ಚಿಕ್ಕದಾಗುತ್ತದೆ. ಉಪಗ್ರಹ ಬೇಗ ಬಂದು ಹೋಗಿಬಿಡುತ್ತದೆ. ಗಡಿಬಿಡಿಯಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. "ಬಸ್ ಹೋದ್ಮೇಲೆ ಸ್ಟಾಪಲ್ಲಿ ಕೈ ಅಡ್ಡ ಹಾಕ್ಕೊಂಡು ನಿಂತಿದ್ವಿ, ಎಲ್ರೂ" ಎಂದು ಅಕ್ಕ ನಗುತ್ತಾರೆ.

ಎರಡನೆಯ ಸಲಕ್ಕೆ ಕಕ್ಷೆಯ ಎಂಜಿನಿಯರ್ ಹುಡುಗಿ ಹೊಸ ಲೆಕ್ಕ ಹಾಕಿದಳು. ದಿಕ್ಕು ಸಿಕ್ಕಿತು, ನಿಖರ ಜಾಗ ಸಿಗಲಿಲ್ಲ. ಅಕ್ಕ ಸ್ವಯಂಚಾಲನೆ ನಿಲ್ಲಿಸಿ, ಆಂಟೆನಾ ತಿರುಗಿಸುವ ಗುಬುಟು ತಾವೇ ಹಿಡಿದು ಆ ಕಡೆಯ ಆಕಾಶವನ್ನು ಜಾಲಾಡತೊಡಗಿದರು.

"ನೆಲ ಒರೆಸಿದ ಹಾಗೇ ಅದು. ಒರೆಸಿದ್ದರ ಅಂಚಿನ ಮೇಲೇ ಇನ್ನೊಂದು ಪಟ್ಟಿ ಬರ್ಬೇಕು. ಅವಸರ ಮಾಡಿದ್ರೆ ನಡುವೆ ಬಿಟ್ಟುಹೋಗುತ್ತೆ" ಎನ್ನುತ್ತಾರೆ ಅಕ್ಕ.

"ಅಕ್ಕಾ, ಬೇಗ" ಎಂದಳಂತೆ ಆಗ ಹುಡುಗಿ.

"ನೀನು ಲೆಕ್ಕ ನೋಡ್ಕೋ ತಾಯಿ, ಸ್ಟೀರಿಂಗ್ ನನ್ನ ಹತ್ರ ಇದೆ."

ಭಯವಾಗಲಿಲ್ಲವೇ? "ಆಯ್ತು. ಆದ್ರೆ ಕೈಗೆ ಅದನ್ನ ಹೇಳ್ಲಿಲ್ಲ" ಎನ್ನುತ್ತಾರೆ.

ಪರದೆಯ ಮೇಲೆ ಮಟ್ಟಸವಾಗಿ ಓಡುತ್ತಿದ್ದ ಸಂಕೇತದ ಗೆರೆ ಒಂದು ಕಡೆ ಮೇಲೆದ್ದಿತು. ಅಕ್ಕ ಕೈ ಅಲ್ಲೇ ನಿಲ್ಲಿಸಿದರು. ಆದೇಶ ಹೋಯಿತು. ಫಲಕಗಳು ಬಿಚ್ಚಿಕೊಂಡವು.

ಆಮೇಲೆ ಉಪಗ್ರಹ ತನ್ನದೇ ಇಂಧನ ಸುಟ್ಟು, ಮೆಲ್ಲಮೆಲ್ಲನೆ ತನ್ನ ಎತ್ತರಕ್ಕೆ ಏರಿತು. ಅದಕ್ಕೆ ತೆತ್ತದ್ದು ಆಯುಷ್ಯ: ಹದಿನೈದು ವರ್ಷ ಬಾಳಬೇಕಾದದ್ದು ಈಗ ಹನ್ನೊಂದು ವರ್ಷ ಬಾಳಲಿದೆ. ಬಳಿಕ ಅದನ್ನು ಬೇರೆ ಉಪಗ್ರಹಗಳಿಗೆ ಅಡ್ಡಬಾರದಂತೆ ಇನ್ನೂ ದೂರಕ್ಕೆ ಕಳಿಸಿ, ಶಾಶ್ವತವಾಗಿ ನಿಲ್ಲಿಸಿಬಿಡುತ್ತಾರೆ.

"ಅಷ್ಟೊತ್ತಿಗೆ ನಾನು ರಿಟೈರಾಗಿರ್ತೀನಿ. ಆದ್ರೂ ಆ ದಿನ ನನ್ನನ್ನ ಒಂದ್ಸಲ ಕರೀರಿ ಅಂತ ಆ ಹುಡುಗಿಗೆ ಈಗ್ಲೇ ಹೇಳಿಟ್ಟಿದ್ದೀನಿ" ಎನ್ನುತ್ತಾರೆ ಅಕ್ಕ, ಗ್ರೀಸ್ ಕೈಯನ್ನು ಬಟ್ಟೆಗೆ ಒರೆಸುತ್ತ. "ಸಿಕ್ಕಿದಾಗ ಇದ್ದೆನಲ್ಲ, ಬೀಳ್ಕೊಡುವಾಗ್ಲೂ ಇರ್ಬೇಕು."